ಎಲೆಯೊಂದೇ ಸಾಲದು, ಕಡ್ಡಿಯನ್ನೂ ಕಳಿಸಿ

ಪುನರ್ವಸು ಮಳೆ ಹಿಡಿದ ಮೇಲೆ ನಮ್ಮ ಮೂಡಿಗೆರೆ ಕಡೆ ಒಗೆದ ಬಟ್ಟೆಯೇ ನಾಲ್ಕು ದಿನ ಒಣಗುವುದಿಲ್ಲ. ಇನ್ನು ಲಕೋಟೆಯೊಳಗೆ ಮಡಚಿಟ್ಟ ಎಲೆ ಒಣಗುವುದುಂಟೆ? ಈ ತಿಂಗಳು ಪತ್ರಿಕೆಯ ಕಚೇರಿಯಿಂದ ನನ್ನ ಮನೆಗೆ ಬಂದ ಹನ್ನೊಂದು ಲಕೋಟೆಗಳ ಪೈಕಿ ಏಳರಲ್ಲಿ ಎಲೆ ಕಪ್ಪಾಗಿ ಬೂಷ್ಟು ಹಿಡಿದಿತ್ತು. ಉಳಿದ ನಾಲ್ಕರಲ್ಲಿ ಎಲೆ ಚೆನ್ನಾಗಿಯೇ ಇತ್ತು. ಆದರೆ ಒಂದೊಂದೇ ಎಲೆ, ಜೊತೆಗೆ 'ಇದು ಯಾವ ಮರ?' ಎಂಬ ಒಂದೇ ಸಾಲು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವಳು ನಾನು. ಆದರೂ ತೊಟ್ಟಿನಿಂದ ಮುರಿದ ಒಂಟಿ ಎಲೆಯನ್ನು ಕೈಯಲ್ಲಿ ಹಿಡಿದು ಮರದ ಹೆಸರು ಹೇಳಲು ಹಿಂಜರಿಯುತ್ತೇನೆ. ಮರದ ಗುರುತಿನಲ್ಲಿ ಅರ್ಧ ಭಾಗ ಎಲೆಯಲ್ಲಿರುವುದಿಲ್ಲ, ಎಲೆ ಕೂತಿದ್ದ ಕಡ್ಡಿಯಲ್ಲಿರುತ್ತದೆ. ಈ ಸಲದ ಉತ್ತರಗಳಲ್ಲಿ ಹೆಚ್ಚಿನವು ಈ ಮಾತನ್ನೇ ಸುತ್ತುತ್ತವೆ.

ಪ್ರಶ್ನೆ: ಮೇಡಂ, ನಾನು ಬೇಲೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಮಕ್ಕಳು ಎಲೆಯ ಫೋಟೊ ತೆಗೆದು ಮೊಬೈಲ್‌ನಲ್ಲಿ ಮರದ ಹೆಸರು ಹುಡುಕುತ್ತಾರೆ. ಒಂದೇ ಎಲೆಗೆ ಬೆಳಿಗ್ಗೆ ಒಂದು ಹೆಸರು, ಸಂಜೆ ಇನ್ನೊಂದು. ನೀವು ಹಿಂದೊಮ್ಮೆ 'ಕವಲು ಕೀಲಿ' ಎಂದು ಬರೆದಿದ್ದಿರಿ. ಅದನ್ನು ಒಂಬತ್ತನೇ ತರಗತಿಯವರಿಗೆ ಹೇಗೆ ಹೇಳಿಕೊಡಲಿ?

ಉತ್ತರ: ನಿಮ್ಮ ಊರಿನ ಬಸ್ ನಿಲ್ದಾಣದಿಂದಲೇ ಪಾಠ ಆರಂಭಿಸಿ. ಹಾಸನದಿಂದ ಬಂದವರು ಬೇಲೂರಿನಲ್ಲಿ ಚಿಕ್ಕಮಗಳೂರಿನ ರಸ್ತೆ ಹಿಡಿದರೆ ಮೂಡಿಗೆರೆ ಆ ಕ್ಷಣವೇ ಬಿಟ್ಟುಹೋಯಿತು. ಕವಲು ಕೀಲಿಯೂ ಹಾಗೆಯೇ. ಪ್ರತಿ ಹೆಜ್ಜೆಯಲ್ಲೂ ಒಂದಕ್ಕೊಂದು ವಿರುದ್ಧವಾದ ಎರಡು ಹೇಳಿಕೆಗಳಿರುತ್ತವೆ. ಕೈಯಲ್ಲಿರುವ ಕಡ್ಡಿಗೆ ಯಾವುದು ಒಪ್ಪುತ್ತದೋ ಅದನ್ನು ಆರಿಸಬೇಕು, ಅದು ಹೇಳಿದ ಮುಂದಿನ ಸಂಖ್ಯೆಗೆ ಹೋಗಬೇಕು. ಒಂದೊಂದು ಹೆಜ್ಜೆಗೂ ಒಂದಷ್ಟು ಮರಗಳು ಹಿಂದೆ ಉಳಿಯುತ್ತವೆ, ಕೊನೆಗೆ ಒಂದೇ ಹೆಸರು ನಿಲ್ಲುತ್ತದೆ. ಫ್ರಾನ್ಸಿನ ಲಾಮಾರ್ಕ್ 1778ರಲ್ಲಿ ತನ್ನ ದೇಶದ ಸಸ್ಯಗಳ ಕುರಿತ ಗ್ರಂಥದಲ್ಲಿ ಈ ಕ್ರಮವನ್ನು ಬಳಕೆಗೆ ತಂದ. ಜಿರಾಫೆಯ ಕತ್ತಿನ ಪಾಠದಲ್ಲಿ ಮಕ್ಕಳು ಓದುವ ಅದೇ ಲಾಮಾರ್ಕ್. ಆಗ ಸಸ್ಯಶಾಸ್ತ್ರದ ಭಾಷೆ ಲ್ಯಾಟಿನ್. ಅವನು ಆ ಗ್ರಂಥವನ್ನು ಜನರಾಡುವ ಫ್ರೆಂಚ್‌ನಲ್ಲಿ ಬರೆದ. ಈ ಒಂದು ಕಾರಣಕ್ಕೆ ಅವನ ಮೇಲೆ ನನಗೆ ಬಹಳ ಪ್ರೀತಿ.

ಸಿದ್ಧವಾದ ಕೀಲಿಯನ್ನು ಮಕ್ಕಳ ಕೈಗೆ ಮೊದಲೇ ಕೊಡಬೇಡಿ. ಅವರಿಂದಲೇ ಒಂದನ್ನು ಕಟ್ಟಿಸಿ. ಮಾವು, ಹೊಂಗೆ, ಹುಣಸೆ, ಅರಳಿ, ಬೇವು ನಿಮ್ಮ ಶಾಲೆಯ ಸುತ್ತ ಸಿಕ್ಕೇ ಸಿಗುತ್ತವೆ. ಐದು ಕಡ್ಡಿಗಳನ್ನು ಮೇಜಿನ ಮೇಲಿಟ್ಟು, ಎರಡು ಗುಂಪಾಗಿ ಒಡೆಯುವ ಒಂದು ಪ್ರಶ್ನೆ ಕೇಳಲು ಹೇಳಿ. ಮೊದಲು ಬರುವ ಉತ್ತರ ನನಗೆ ಗೊತ್ತು: 'ದೊಡ್ಡ ಎಲೆ, ಸಣ್ಣ ಎಲೆ.' ಆಗ ನೀವು ಒಪ್ಪಬಾರದು. ಯಾವುದಕ್ಕಿಂತ ದೊಡ್ಡದು? ಅರಳಿಯ ಚಿಗುರೆಲೆ ಮಾವಿನ ಬಲಿತ ಎಲೆಗಿಂತ ಸಣ್ಣದಲ್ಲವೇ? ಕೀಲಿಯ ಪ್ರಶ್ನೆಗೆ ಅಳತೆಗೋಲಿನಿಂದಲೋ ಕಣ್ಣಿನಿಂದಲೋ ಬೆರಳಿನಿಂದಲೋ ಉತ್ತರ ಸಿಗಬೇಕು, ನೋಡುವವರು ಬದಲಾದರೆ ಉತ್ತರ ಬದಲಾಗಬಾರದು. ಇನ್ನೊಂದು ನಿಯಮವಿದೆ. ಜೋಡಿಯ ಎರಡೂ ಹೇಳಿಕೆಗಳು ಒಂದೇ ಅಂಗವನ್ನು ಕುರಿತಿರಬೇಕು. 'ಅಂಚು ಗರಗಸದಂತಿದೆ' ಎಂದು ಒಂದು ಕಡೆ ಬರೆದು, 'ಹೂವು ಹಳದಿ' ಎಂದು ಇನ್ನೊಂದು ಕಡೆ ಬರೆದರೆ ಅದು ಕವಲಲ್ಲ. ಐದು ಮರಗಳಿಗೆ ನಾಲ್ಕು ಜೋಡಿ ಸಾಕು. ಎಷ್ಟು ಮರಗಳಿದ್ದರೂ ಜೋಡಿಗಳ ಸಂಖ್ಯೆ ಅದಕ್ಕಿಂತ ಒಂದು ಕಡಿಮೆ. ಇದನ್ನು ಮಕ್ಕಳೇ ಕಂಡುಕೊಳ್ಳಲಿ, ನೀವು ಹೇಳಬೇಡಿ.

ಮೊಬೈಲ್ ಬಿಡಿಸಬೇಕಾಗಿಲ್ಲ. ಅದು ಚಿತ್ರವನ್ನು ಮಾತ್ರ ನೋಡುತ್ತದೆ. ಎಲೆ ಕಿತ್ತಾಗ ಹಾಲು ಬಂತೇ, ಉಜ್ಜಿದಾಗ ವಾಸನೆ ಏನು, ತೊಟ್ಟಿನ ಬುಡದಲ್ಲಿ ಮೊಗ್ಗಿದೆಯೇ ಎಂಬುದು ಅದಕ್ಕೆ ತಿಳಿಯದು. ಅದು ಕೊಟ್ಟ ಹೆಸರನ್ನು ಊಹೆಯೆಂದು ಬರೆದುಕೊಂಡು ಕೀಲಿಯಲ್ಲಿ ಪರೀಕ್ಷಿಸಲಿ.

ಪ್ರಶ್ನೆ: ನಮಸ್ತೆ ಮೇಡಂ. ನಾನು ಅರಸೀಕೆರೆಯಿಂದ ಬರೆಯುತ್ತಿದ್ದೇನೆ, ಒಂಬತ್ತನೇ ತರಗತಿ. ಬೇವಿನ ಕಡ್ಡಿಯಲ್ಲಿರುವ ಒಂದೊಂದು ಹಸಿರು ಭಾಗವೂ ಎಲೆಯೋ, ಎಲ್ಲ ಸೇರಿ ಒಂದೇ ಎಲೆಯೋ? ಕೀಲಿಯ ಮೊದಲನೇ ಪ್ರಶ್ನೆಯಲ್ಲೇ ನಾನು ನಿಂತುಬಿಟ್ಟೆ.

ಉತ್ತರ: ಮಗಳೇ, ಸರಿಯಾದ ಜಾಗದಲ್ಲೇ ನಿಂತಿದ್ದೀಯ. ಈ ಪ್ರಶ್ನೆ ದಾಟಿದರೆ ಅರ್ಧ ದಾರಿ ಮುಗಿದಂತೆ.

ಎಲೆಯ ಕಂಕುಳನ್ನು ನೋಡು. ನಿನ್ನ ತೋಳು ಮೈಗೆ ಸೇರುವಲ್ಲಿ ಕಂಕುಳಿರುವಂತೆ, ಎಲೆಯ ತೊಟ್ಟು ಕಡ್ಡಿಗೆ ಸೇರುವ ಮೂಲೆಯಲ್ಲಿ ಒಂದು ಮೊಗ್ಗು ಇರುತ್ತದೆ. ಕೆಲವು ಮರಗಳಲ್ಲಿ ಅದು ಸಾಸಿವೆಗಿಂತ ಚಿಕ್ಕದು, ಆದರೆ ಇರುತ್ತದೆ. ಮುಂದೆ ರೆಂಬೆಯೋ ಹೂವೋ ಹುಟ್ಟುವುದು ಅಲ್ಲಿಂದಲೇ. ಬೇವಿನ ಒಂದೊಂದು ಹಸಿರು ಭಾಗದ ಬುಡದಲ್ಲಿ ಹುಡುಕು, ಮೊಗ್ಗು ಸಿಗುವುದಿಲ್ಲ. ಇಡೀ ಗರಿಯ ಬುಡಕ್ಕೆ, ಅದು ಕಂದು ಕಡ್ಡಿಗೆ ಸೇರುವಲ್ಲಿಗೆ ಹೋಗು, ಅಲ್ಲಿ ಸಿಗುತ್ತದೆ. ಹಾಗಾದರೆ ಆ ಗರಿಯೆಲ್ಲ ಸೇರಿ ಒಂದು ಎಲೆ, ಅಂದರೆ ಸಂಯುಕ್ತ ಎಲೆ. ಅದರ ತುಂಡುಗಳು ಕಿರುಎಲೆಗಳು. ಹುಣಸೆಯೂ ಹೊಂಗೆಯೂ ಹೀಗೆಯೇ. ಮಾವಿನದು ಸರಳ ಎಲೆ, ಪ್ರತಿ ಎಲೆಯ ಕಂಕುಳಲ್ಲೂ ಮೊಗ್ಗಿದೆ.

ಈಗ ಒಂದು ನೆಲ್ಲಿಯ ಕಡ್ಡಿ ತೆಗೆದುಕೋ. ನೋಡಲು ಹುಣಸೆಯ ಗರಿಯಂತೆಯೇ ಇದೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಸಂಯುಕ್ತ ಎಲೆಗೆ ಉದಾಹರಣೆಯಾಗಿ ನೆಲ್ಲಿಯನ್ನೇ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಒಂದು ಮಾರ್ಚ್ ತಿಂಗಳಲ್ಲಿ ಹುಡುಗನೊಬ್ಬ ಹೂಬಿಟ್ಟ ನೆಲ್ಲಿ ಕಡ್ಡಿ ತಂದು ನನ್ನ ಮೇಜಿನ ಮೇಲಿಟ್ಟ. 'ಟೀಚರ್, ಕಿರುಎಲೆಯ ಬುಡದಲ್ಲಿ ಹೂವು ಬರುವುದಿಲ್ಲ ಎಂದು ನೀವೇ ಹೇಳಿದ್ದಿರಲ್ಲ?' ಎಂದ. ಪುಟ್ಟ ಹಸಿರು ಹೂಗಳು ಆ ಸಣ್ಣ ಎಲೆಗಳ ಕಂಕುಳಲ್ಲಿ ಸಾಲಾಗಿ ಕೂತಿದ್ದವು. ನನಗೆ ಉತ್ತರ ಬರಲಿಲ್ಲ. ಆ ರಾತ್ರಿ ಪುಸ್ತಕಗಳನ್ನು ತೆಗೆದು ನೋಡಿದೆ. ನೆಲ್ಲಿಯ ಒಂದೊಂದು ಚೂರೂ ಪೂರ್ತಿ ಎಲೆ, ಗರಿಯಂತೆ ಕಾಣುವುದು ತೆಳುವಾದ ರೆಂಬೆ. ಬೇಸಿಗೆಯಲ್ಲಿ ಆ ರೆಂಬೆಯೇ ಎಲೆಗಳ ಸಮೇತ ಉದುರುವುದರಿಂದ ಕಣ್ಣಿಗೆ ಮೋಸವಾಗುತ್ತದೆ. ಮರುದಿನ ತರಗತಿಯಲ್ಲಿ ಆ ಹುಡುಗನನ್ನೇ ಹಲಗೆಯ ಹತ್ತಿರ ಕರೆದು, ನಾನು ಬರೆದಿದ್ದನ್ನು ಅವನ ಕೈಯಿಂದಲೇ ಅಳಿಸಿ ತಿದ್ದಿಸಿದೆ. ಅಂದಿನಿಂದ ಪುಸ್ತಕದ ಉದಾಹರಣೆಯನ್ನು ಮೊದಲು ಕಡ್ಡಿಯಲ್ಲಿ ನೋಡದೆ ನಾನು ಪಾಠ ಮಾಡಿಲ್ಲ.

ಪ್ರಶ್ನೆ: ತರೀಕೆರೆಯ ಕಡೆ ನಮ್ಮ ಜಮೀನಿನ ಬದುವಿನಲ್ಲಿ ಬೂರುಗ ಎಂದುಕೊಂಡು ಒಂದು ಸಸಿ ತಂದು ನೆಟ್ಟೆವು. ಬೆರಳಿನಂತೆ ಏಳು ಎಲೆಗಳಿವೆ. ಆದರೆ ಎಲೆ ಕಿತ್ತರೆ ಬಿಳಿ ಹಾಲು ಸುರಿಯುತ್ತದೆ. ಬೂರುಗದಲ್ಲಿ ಹಾಲಿದೆಯೇ?

ಉತ್ತರ: ಇಲ್ಲ. ನೀವು ನೆಟ್ಟಿರುವುದು ಏಳೆಲೆ ಹಾಲೆ ಇರಬೇಕು, ಮದ್ದಾಲೆ ಎಂದೂ ಕರೆಯುತ್ತಾರೆ. ಹೀಗೆ ನೋಡಿ. ಬೂರುಗದಲ್ಲಿ ಒಂದು ಉದ್ದ ತೊಟ್ಟು ಕಡ್ಡಿಯಿಂದ ಹೊರಟು, ಅದರ ತುದಿಯಲ್ಲಿ ಐದರಿಂದ ಏಳು ಕಿರುಎಲೆಗಳು ಅಂಗೈಯಿಂದ ಬೆರಳುಗಳಂತೆ ಹರಡುತ್ತವೆ. ಹಾಲೆಯಲ್ಲಿ ಅಂಗೈಯೇ ಇಲ್ಲ. ಕಡ್ಡಿಯ ಒಂದೇ ಗಂಟಿನ ಸುತ್ತ ಏಳೆಂಟು ಸರಳ ಎಲೆಗಳು ಒಂದೊಂದೂ ತನ್ನದೇ ತೊಟ್ಟಿನಿಂದ ಕೂತಿರುತ್ತವೆ. ಬೂರುಗವಾದರೆ ಎಳೆಯ ಕಾಂಡದಲ್ಲಿ ಗಟ್ಟಿ ಮುಳ್ಳುಗಳೂ ಇರುತ್ತವೆ. ಸಸಿಯನ್ನು ಕಿತ್ತು ಹಾಕಬೇಡಿ, ಹಾಲೆಯೂ ಒಳ್ಳೆಯ ಮರ. ಘಟ್ಟದ ಕೆಳಗೆ ಆಟಿ ಅಮಾವಾಸ್ಯೆಯಂದು ಇದರ ತೊಗಟೆಯ ಕಷಾಯ ಕುಡಿಯುತ್ತಾರೆ. ಹಿಂದೆ ಇದರ ಹಲಗೆ ಮಕ್ಕಳ ಬರೆಯುವ ಹಲಗೆಯಾಗುತ್ತಿತ್ತು. ಇದರ ಶಾಸ್ತ್ರೀಯ ಹೆಸರಿನ ಎರಡನೇ ಪದ 'ಸ್ಕಾಲಾರಿಸ್' ಬಂದಿರುವುದು ಆ ಕಾರಣದಿಂದ.

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ ನಮ್ಮದು ಸಣ್ಣ ಕಾಫಿ ತೋಟ. ನೆರಳಿನ ಮರಗಳ ಲೆಕ್ಕ ಬರೆಯಬೇಕಾಗಿದೆ. ಊರಿನ ಹಿರಿಯರು ಹೇಳುವ ಹೆಸರೇ ಬೇರೆ, ಕೆಲಸಕ್ಕೆ ಬರುವವರು ಹೇಳುವುದೇ ಬೇರೆ. ನನ್ನ ಮಗಳು ಪಿಯುಸಿ ಓದುತ್ತಾಳೆ, ಅವಳು ಬರೆಯುತ್ತೇನೆ ಎನ್ನುತ್ತಾಳೆ. ತೋಟದ ಮರಗಳಿಗೆ ಒಂದು ಚಿಕ್ಕ ಕೀಲಿ ಬರೆದುಕೊಡುವಿರಾ?

ಉತ್ತರ: ಸಂತೋಷದಿಂದ. ನಿಮ್ಮ ಭಾಗದ ತೋಟಗಳಲ್ಲಿ ಸಾಮಾನ್ಯವಾಗಿ ಕಾಣುವ ಹತ್ತು ಮರಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ. ಬಲಿತ ಮರದ, ಬಿಸಿಲು ಬೀಳುವ ರೆಂಬೆಯ, ಬಲಿತ ಎಲೆಗಳಿರುವ ಕಡ್ಡಿಯನ್ನು ಹಿಡಿದುಕೊಂಡು ಇದನ್ನು ಓದಬೇಕು.

1 ಅ. ತೊಟ್ಟಿನ ಮೇಲೆ ಒಂದೇ ಅಲಗು, ಸರಳ ಎಲೆ: 2ಕ್ಕೆ ಹೋಗಿ.
1 ಆ. ತೊಟ್ಟಿನ ಮೇಲೆ ಹಲವು ಕಿರುಎಲೆಗಳು, ಸಂಯುಕ್ತ ಎಲೆ: 7ಕ್ಕೆ ಹೋಗಿ.

2 ಅ. ಅಲಗು ಜರಿಗಿಡದಂತೆ ಆಳವಾಗಿ ಸೀಳಿದೆ, ಅಡಿಭಾಗ ಬೆಳ್ಳಿಯ ಬಣ್ಣ: ಸಿಲ್ವರ್ ಓಕ್.
2 ಆ. ಅಲಗು ಸೀಳಿಲ್ಲ: 3ಕ್ಕೆ ಹೋಗಿ.

3 ಅ. ಕಡ್ಡಿಯ ಮೇಲೆ ಪ್ರತಿ ಎಲೆಯ ಬುಡದಲ್ಲಿ ಉಂಗುರದಂತೆ ಸುತ್ತುವ ಗೆರೆ ಇದೆ: 4ಕ್ಕೆ ಹೋಗಿ.
3 ಆ. ಅಂಥ ಉಂಗುರವಿಲ್ಲ: 6ಕ್ಕೆ ಹೋಗಿ.

4 ಅ. ಎಲೆ ಕಿತ್ತರೆ ಬಿಳಿ ಹಾಲು ಬರುತ್ತದೆ: 5ಕ್ಕೆ ಹೋಗಿ.
4 ಆ. ಹಾಲು ಬರುವುದಿಲ್ಲ: ಸಂಪಿಗೆ.

5 ಅ. ಎಲೆ ದಪ್ಪ, ಚರ್ಮದಂತೆ, ಮೇಲ್ಭಾಗ ಹೊಳೆಯುವ ಕಡುಹಸಿರು: ಹಲಸು.
5 ಆ. ಎಲೆ ತೆಳು, ತುದಿಯ ಕಡೆಗೆ ಕಿರಿದಾಗುತ್ತದೆ, ಹಲವು ಎಲೆಗಳ ಮೇಲೆ ಹುಳು ಎಬ್ಬಿಸಿದ ಗಂಟುಗಳು: ಅತ್ತಿ.

6 ಅ. ಎಲೆಯ ಅಡಿಭಾಗದಲ್ಲಿ, ತೊಟ್ಟಿನ ಸಮೀಪ, ನಡುನರದ ಬಳಿ ನರುಳ್ಳೆಯಂಥ ಗ್ರಂಥಿಗಳು: ಮತ್ತಿ.
6 ಆ. ಗ್ರಂಥಿಗಳಿಲ್ಲ: ನಂದಿ.

7 ಅ. ಕಿರುಎಲೆಗಳು ಮೂರೇ: ಹಾಲವಾಣ.
7 ಆ. ಮೂರಕ್ಕಿಂತ ಹೆಚ್ಚು: 8ಕ್ಕೆ ಹೋಗಿ.

8 ಅ. ಕಿರುಎಲೆಗಳೆಲ್ಲ ತೊಟ್ಟಿನ ತುದಿಯ ಒಂದೇ ಜಾಗದಿಂದ ಹರಡುತ್ತವೆ: ಬೂರುಗ.
8 ಆ. ಕಿರುಎಲೆಗಳು ನಡುಕಡ್ಡಿಯ ಎರಡೂ ಬದಿ ಬಿಡಿಬಿಡಿಯಾಗಿ ಕೂತಿವೆ: 9ಕ್ಕೆ ಹೋಗಿ.

9 ಅ. ಕಿರುಎಲೆ ದುಂಡು, ಉದ್ದ ಅಗಲ ಹೆಚ್ಚುಕಡಿಮೆ ಒಂದೇ: ಬೀಟೆ.
9 ಆ. ಕಿರುಎಲೆ ಸ್ಪಷ್ಟವಾಗಿ ಅಗಲಕ್ಕಿಂತ ಉದ್ದ, ತುದಿಯಲ್ಲಿ ಕಚ್ಚು, ಪಕ್ಕದ ನರಗಳು ಒತ್ತೊತ್ತಾಗಿ: ಹೊನ್ನೆ.

ಇನ್ನು ಒಂದೆರಡು ಮಾತು ನಿಮ್ಮ ಮಗಳಿಗೆ. ಎಲೆಗಳು ಕಡ್ಡಿಯ ಮೇಲೆ ಎದುರುಬದುರಾಗಿವೆಯೋ, ಒಂದಾದ ಮೇಲೊಂದು ಪರ್ಯಾಯವಾಗಿವೆಯೋ ಎಂಬ ಪ್ರಶ್ನೆ ಬಹುತೇಕ ಎಲ್ಲ ಕೀಲಿಗಳಲ್ಲೂ ಮೊದಲೇ ಬರುತ್ತದೆ. ಇಲ್ಲಿ ಬೇಕೆಂದೇ ಕೇಳಿಲ್ಲ. ಮತ್ತಿಯ ಒಂದೇ ಕಡ್ಡಿಯಲ್ಲಿ ಕೆಳಗಿನ ಎಲೆಗಳು ಎದುರುಬದುರು, ಮೇಲಿನವು ಸ್ವಲ್ಪ ಹಿಂದೆಮುಂದೆ. ಹತ್ತು ಜನ ನೋಡಿದರೆ ಐದು ಜನ ಒಂದು ಕವಲು ಹಿಡಿಯುತ್ತಾರೆ, ಐದು ಜನ ಇನ್ನೊಂದು. ಗ್ರಂಥಿ ಹಾಗಲ್ಲ, ಬೆರಳಾಡಿಸಿದರೆ ಸಿಗುತ್ತದೆ. ಆದರೆ ಒಂದೇ ಎಲೆ ನೋಡಿ ಇಲ್ಲವೆಂದು ಬಿಡಬಾರದು, ಏಳೆಂಟು ಎಲೆ ತಿರುಗಿಸಿ ನೋಡಬೇಕು. ಸಿಲ್ವರ್ ಓಕ್ ಎಲೆಯನ್ನು ಸಂಯುಕ್ತವೆಂದು ತಿಳಿದು 7ಕ್ಕೆ ಜಿಗಿಯುವವರು ಬಹಳ. ಅದರ ತುಂಡುಗಳು ಪೂರ್ತಿ ಬೇರೆಯಾಗಿಲ್ಲ, ನಡುನರದ ಉದ್ದಕ್ಕೂ ಹಸಿರು ಅಂಟಿಕೊಂಡೇ ಇರುತ್ತದೆ. ಹೆಸರಿನಲ್ಲಿ ಓಕ್ ಇದ್ದರೂ ಅದು ಓಕ್ ಕುಟುಂಬದ್ದಲ್ಲ. ಆಸ್ಟ್ರೇಲಿಯಾದ ಪೂರ್ವ ಭಾಗದಿಂದ ಬಂದು ನಮ್ಮ ಮೆಣಸಿನ ಬಳ್ಳಿಗೆ ಬೆನ್ನು ಕೊಟ್ಟು ನಿಂತಿದೆ.

ಎಲ್ಲಕ್ಕಿಂತ ಮುಖ್ಯವಾದುದು ಇದು. ಕೀಲಿಗೆ ತನ್ನೊಳಗಿನ ಮರಗಳು ಮಾತ್ರ ಗೊತ್ತು. ಮಾವಿನ ಕಡ್ಡಿ ಹಿಡಿದು ಮೇಲಿನ ಕೀಲಿಯಲ್ಲಿ ಇಳಿಯಲು ಅವಳಿಗೆ ಹೇಳಿ. ಸರಳ ಎಲೆ, ಸೀಳಿಲ್ಲ, ಉಂಗುರವಿಲ್ಲ, ಗ್ರಂಥಿಯಿಲ್ಲ. ಕೀಲಿ 'ನಂದಿ' ಎಂದುಬಿಡುತ್ತದೆ! ಅದು 'ಗೊತ್ತಿಲ್ಲ' ಎಂದು ಎಂದೂ ಹೇಳುವುದಿಲ್ಲ. ಆದ್ದರಿಂದ ಹೆಸರು ಸಿಕ್ಕಿದ ಮೇಲೆ ಕಾಂಡದ ಹತ್ತಿರ ಹೋಗಿ ನೋಡಬೇಕು. ನಂದಿಯಾದರೆ ತೊಗಟೆ ನುಣುಪು, ಬಿಳಿಚು. ಮತ್ತಿಯಾದರೆ ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಬಿರಿದಿರುತ್ತದೆ. ಹೊಂದದಿದ್ದರೆ ಲೆಕ್ಕದ ಪುಸ್ತಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಹೂವು ಬಿಡುವವರೆಗೆ ಕಾಯಲಿ. ತಪ್ಪು ಹೆಸರಿಗಿಂತ ಆ ಚಿಹ್ನೆಗೆ ಬೆಲೆ ಹೆಚ್ಚು.

ಪ್ರಶ್ನೆ: ಹಾಸನದ ಮಹಾರಾಜ ಪಾರ್ಕ್ ಕಡೆ ದಿನವೂ ವಾಯುವಿಹಾರಕ್ಕೆ ಹೋಗುತ್ತೇನೆ. ಹೂವಿಲ್ಲದ ಕಾಲದಲ್ಲಿ ಗುಲ್‌ಮೊಹರ್ ಯಾವುದು, ಜಕರಂದ ಯಾವುದು ಎಂದು ತಿಳಿಯುವುದಿಲ್ಲ. ಎರಡರದ್ದೂ ಒಂದೇ ಬಗೆಯ ಗರಿ.

ಉತ್ತರ: ಎರಡೂ ಎರಡು ಸಲ ಕವಲೊಡೆದ ಸಂಯುಕ್ತ ಎಲೆಗಳು, ಆದ್ದರಿಂದ ಎಲೆಯನ್ನೇ ನೋಡುತ್ತ ನಿಂತರೆ ಸಮಯ ಹಾಳು. ಎಲೆ ಕಡ್ಡಿಗೆ ಸೇರುವಲ್ಲಿ ನೋಡಿ. ಎರಡು ಎಲೆಗಳು ಎದುರುಬದುರು ಹೊರಟಿದ್ದರೆ ಜಕರಂದ, ಒಂದೊಂದೇ ಪರ್ಯಾಯವಾಗಿ ಹೊರಟಿದ್ದರೆ ಗುಲ್‌ಮೊಹರ್. ಕೆಳಗೆ ಬಿದ್ದ ಕಾಯಿ ಸಿಕ್ಕರೆ ಅನುಮಾನವೇ ಉಳಿಯುವುದಿಲ್ಲ. ಗುಲ್‌ಮೊಹರ್‌ನದು ಕತ್ತಿಯಂತೆ ಉದ್ದ, ಜಕರಂದದ್ದು ಚಪ್ಪಟೆಯಾದ ದುಂಡು ಡಬ್ಬಿಯಂತೆ.

ಪ್ರಶ್ನೆ: ಅಮ್ಮ, ನಾನು ಚಿಕ್ಕಮಗಳೂರಿನ ಗೃಹಿಣಿ. ಹಿತ್ತಲಿನಲ್ಲಿ ಹಲಸಿನ ಬೀಜ ಎಸೆದ ಕಡೆ ಗಿಡ ಎದ್ದಿದೆ. ಎಲೆ ಮೂರು ಸೀಳಾಗಿದೆ. ಹಲಸಿನ ಎಲೆ ಹೀಗಿರುವುದಿಲ್ಲ, ಕಿತ್ತುಹಾಕಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಕೀಳಬೇಡಿ ತಾಯಿ, ಅದು ಹಲಸೇ ಇರಬಹುದು. ಎಳೆಯ ಹಲಸಿನ ಗಿಡದಲ್ಲಿ, ಕಡಿದ ಬುಡದಿಂದ ಚಿಗುರಿದ ರೆಂಬೆಯಲ್ಲಿ ಎಲೆಗಳು ಹೀಗೆ ಸೀಳಿರುವುದುಂಟು. ಮರ ಬೆಳೆದಂತೆ ಸೀಳಿಲ್ಲದ ಎಲೆಗಳು ಬರುತ್ತವೆ. ಹಲಸಿನ ಶಾಸ್ತ್ರೀಯ ಹೆಸರಿನಲ್ಲಿರುವ 'ಹೆಟೆರೊಫಿಲ್ಲಸ್' ಎಂಬ ಪದಕ್ಕೆ ಬೇರೆಬೇರೆ ಬಗೆಯ ಎಲೆಗಳುಳ್ಳದ್ದು ಎಂದೇ ಅರ್ಥ. ಒಂದು ಎಲೆ ಕಿತ್ತು ನೋಡಿ. ಹಾಲು ಬರಬೇಕು, ಕಡ್ಡಿಯಲ್ಲಿ ಉಂಗುರದ ಗೆರೆ ಇರಬೇಕು. ಎರಡೂ ಇದ್ದರೆ ಪಕ್ಕದ ಮನೆಯವರನ್ನೂ ಕರೆದು ತೋರಿಸಿ. ಸಸಿಯ ಎಲೆ, ಬುಡದ ಚಿಗುರಿನ ಎಲೆ ಕೀಲಿಗೆ ಹೊಂದುವುದಿಲ್ಲವೆಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕಾಗಿ. ತೇಗದ ಎಳೆಯ ಗಿಡದ ಎಲೆ ಮೊರದಗಲ ಇರುತ್ತದೆ, ದೊಡ್ಡ ಮರದ ತುದಿಯಲ್ಲಿ ಅದರ ಅರ್ಧವೂ ಇರುವುದಿಲ್ಲ.

ಪ್ರಶ್ನೆ: ಆಲ್ದೂರು ಹತ್ತಿರದ ಬೆಳೆಗಾರ ನಾನು. ಕಾಡಿನಲ್ಲಿ ಕಾಫಿಯ ಸಂಬಂಧಿ ಮರಗಳಿವೆ ಎಂದು ಕೇಳಿದ್ದೇನೆ. ಎಲೆ ನೋಡಿ ಹೇಳಬಹುದೇ?

ಉತ್ತರ: ಹೇಳಬಹುದು. ಇದು ನನಗೆ ಬಹಳ ಇಷ್ಟವಾದ ಗುರುತು. ನಿಮ್ಮ ತೋಟದ ಕಾಫಿ ಗಿಡದ ತುದಿಯ ಎರಡು ಎಲೆಗಳನ್ನು ಬಗ್ಗಿಸಿ ನೋಡಿ. ಎದುರುಬದುರು ನಿಂತ ಎರಡು ತೊಟ್ಟುಗಳ ನಡುವೆ, ಕಡ್ಡಿಗೆ ಅಂಟಿಕೊಂಡು, ಒಂದು ಪುಟ್ಟ ತ್ರಿಕೋನದ ಹಸಿರು ಚೂರು ಕಾಣುತ್ತದೆ. ಅದು ತೊಟ್ಟಿನ ಎಲೆ. ಎಲೆ ಸರಳವಾಗಿದ್ದು, ಎದುರುಬದುರಾಗಿದ್ದು, ಅಂಚಿನಲ್ಲಿ ಹಲ್ಲಿಲ್ಲದೆ, ಎರಡು ತೊಟ್ಟುಗಳ ನಡುವೆ ಈ ಚೂರು ಅಥವಾ ಅದು ಉದುರಿದ ಗುರುತು ಇದ್ದರೆ ಅದು ಕಾಫಿಯ ಕುಟುಂಬದ ಮರವೆಂದು ಬಹುಮಟ್ಟಿಗೆ ನಂಬಬಹುದು. ಚೆಂಡಿನಂಥ ಹೂಬಿಡುವ ಕದಂಬ ಇದೇ ಕುಟುಂಬದ್ದು. ಅದರ ಕುಲದ ಶಾಸ್ತ್ರೀಯ ಹೆಸರು ನಿಯೊಲಾಮಾರ್ಕಿಯಾ, ಮೇಲೆ ಹೇಳಿದ ಲಾಮಾರ್ಕ್‌ನ ನೆನಪಿಗೆ ಇಟ್ಟದ್ದು. ಕೀಲಿಯ ಕ್ರಮ ತಂದವನ ಹೆಸರು ಹೊತ್ತ ಮರ ನಮ್ಮ ನಾಡಿನ ಮೊದಲ ಕನ್ನಡ ರಾಜವಂಶದ ಹೆಸರನ್ನೂ ಹೊತ್ತಿದೆ ಎಂದು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಕಾಫಿ ಎಲೆಯ ಅಡಿಭಾಗವನ್ನೂ ನೋಡಿ. ಪಕ್ಕದ ನರಗಳು ನಡುನರಕ್ಕೆ ಸೇರುವ ಮೂಲೆಗಳಲ್ಲಿ ಸೂಜಿಮೊನೆಯಷ್ಟು ಗುಳಿಗಳಿವೆ. ರೋಗವಲ್ಲ, ಔಷಧಿ ಹೊಡೆಯಬೇಡಿ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ವಾಸಿಸುವ ಕೋಣೆಗಳು ಅವು.

ಪ್ರಶ್ನೆ: ನಮ್ಮ ಅತ್ತೆ ಹೊನ್ನೆ ಎಂದು ತೋರಿಸುವ ಮರದ ಎಲೆ ನಿಮ್ಮ ಪುಟದಲ್ಲಿ ಬರುವ ಹೊನ್ನೆಗೆ ಹೊಂದುವುದಿಲ್ಲ. ಒಂದೊಂದೇ ಎಲೆ, ದಪ್ಪ, ಹೊಳಪು. ತಪ್ಪು ಯಾರದು? (ಕೊಪ್ಪದಿಂದ)

ಉತ್ತರ: ಯಾರದೂ ಅಲ್ಲ. ನಿಮ್ಮ ಅತ್ತೆಯವರು ತೋರಿಸಿದ್ದು ಸುರಹೊನ್ನೆ ಇರಬಹುದು. ಸರಳ ಎಲೆ, ಎದುರುಬದುರು, ನಡುನರದಿಂದ ಅಂಚಿನವರೆಗೆ ಬಾಚಣಿಗೆಯ ಹಲ್ಲಿನಂತೆ ಒತ್ತಾದ ಸಮಾನಾಂತರ ನರಗಳು. ಅದರ ಕುಲದ ಹೆಸರಿಗೇ 'ಸುಂದರವಾದ ಎಲೆ' ಎಂಬ ಅರ್ಥವಿದೆ. ನಾನು ಬರೆದ ಹೊನ್ನೆ ಬೇರೆ, ತೊಗಟೆ ಕಚ್ಚಾದರೆ ರಕ್ತದಂಥ ಕೆಂಪು ರಸ ಒಸರುವ ಮರ. ಊರಿನ ಹೆಸರುಗಳನ್ನು ಬಿಡಬೇಕಾಗಿಲ್ಲ, ಅವುಗಳಲ್ಲಿ ನೋಡಿದವರ ಕಣ್ಣಿದೆ. ನವಿಲಾದಿಯ ಮೂರು ಕಿರುಎಲೆಗಳನ್ನು ನವಿಲಿನ ಅಡಿಗೆ, ಅಂದರೆ ಪಾದಕ್ಕೆ, ಹೋಲಿಸಿದವರಿಗಿಂತ ಚೆನ್ನಾಗಿ ಯಾವ ಕೀಲಿ ಹೇಳಬಲ್ಲದು? ಆದರೆ ಬರೆದಿಡುವಾಗ ಶಾಸ್ತ್ರೀಯ ಹೆಸರನ್ನೂ ಪಕ್ಕದಲ್ಲಿ ಬರೆಯಿರಿ.

ಪ್ರಶ್ನೆ: ಶಾಲೆಯ ಚಟುವಟಿಕೆಗೆಂದು ಮಗ ತೋಟದಂಚಿನ ಕಾಡಿನಿಂದ ಎಲೆಗಳನ್ನು ಕಿತ್ತು ತಂದ. ಮರುದಿನ ಕೈಯೂ ಮುಖವೂ ಊದಿ ಗುಳ್ಳೆಗಳೆದ್ದವು. ಈಗ ವಾಸಿಯಾಗಿದೆ. ಯಾವ ಮರ ಎಂದು ತಿಳಿಯಬೇಕು. (ಮೂಡಿಗೆರೆ ತಾಲ್ಲೂಕಿನಿಂದ)

ಉತ್ತರ: ಮಗು ಹುಷಾರಾಗಿದ್ದಾನೆ ಎಂದು ಓದಿ ಸಮಾಧಾನವಾಯಿತು. ಮರ ಯಾವುದೆಂದು ಕಾಣದೆ ಹೇಳುವುದು ಸರಿಯಲ್ಲ, ಆದರೆ ನಮ್ಮ ಕಾಡಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಕಾಡುಗೇರಿನ ಜಾತಿಯ ಮರಗಳನ್ನು. ಇವುಗಳ ಸೊನೆ ಗಾಳಿಗೆ ಕಪ್ಪಾಗುತ್ತದೆ. ಕಾಂಡದ ಮೇಲೆ, ಮುರಿದ ರೆಂಬೆಯ ತುದಿಯಲ್ಲಿ ಡಾಂಬರು ಹಚ್ಚಿದಂಥ ಕರಿ ಕಲೆಗಳಿದ್ದರೆ ಅಲ್ಲಿಗೇ ನಿಲ್ಲಬೇಕು, ಮುಟ್ಟಬಾರದು. ಈ ಗುಂಪಿನ ಕೆಲವು ಮರಗಳಲ್ಲಿ ಎಲೆಯ ತೊಟ್ಟಿನ ಮೇಲೆ ಮೆತ್ತನೆಯ ಮುಳ್ಳಿನಂಥ ಒಂದು ಜೋಡಿ ಚೂರುಗಳಿರುತ್ತವೆ.

ಶಿಕ್ಷಕರಲ್ಲಿಯೂ ಕೈಮುಗಿದು ಕೇಳುತ್ತೇನೆ. ಉಜ್ಜಿ ಮೂಸಿ ನೋಡುವುದು, ಹಾಲು ಬರುತ್ತದೆಯೇ ಎಂದು ಕೀಳುವುದು ಒಳ್ಳೆಯ ಪರೀಕ್ಷೆಗಳೇ, ಆದರೆ ಮರದ ಪರಿಚಯವಿರುವ ದೊಡ್ಡವರು ಜೊತೆಗಿಲ್ಲದೆ ಮಕ್ಕಳಿಂದ ಮಾಡಿಸಬೇಡಿ. ಹಾಲು ಕಣ್ಣಿಗೆ ತಗುಲಬಾರದು. ಸೊನೆ ತಾಗಿದರೆ ತಕ್ಷಣ ಸೋಪು ಹಾಕಿ ಧಾರಾಳ ನೀರಿನಲ್ಲಿ ತೊಳೆದು, ಗುಳ್ಳೆ ಎದ್ದರೆ ವೈದ್ಯರ ಬಳಿ ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು ಹಾಸನದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ನಮ್ಮ ಜಿಲ್ಲೆಯ ಸಸ್ಯಗಳಿಗೇ ಮಾಡಿದ ಕೀಲಿ ಇದೆಯೇ?

ಉತ್ತರ: ಇದೆ. ಅರಸೀಕೆರೆಯ ಒಣ ಬಯಲಿನ ಜಾಲಿಯಿಂದ ಬಿಸಿಲೆ ಘಾಟಿಯ ನಿತ್ಯಹರಿದ್ವರ್ಣ ಕಾಡಿನವರೆಗೆ ಒಂದೇ ಜಿಲ್ಲೆಯಲ್ಲಿ ಇಷ್ಟೊಂದು ಬಗೆ ಬೇರೆಡೆ ಸುಲಭವಾಗಿ ಸಿಗದು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ್ಹಾ, ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕೊಲ್ಸನ್ ಇಬ್ಬರೂ ಸೇರಿ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಗ್ರಂಥ 1976ರಲ್ಲಿ ಪ್ರಕಟವಾಯಿತು. ಚಿಕ್ಕಮಗಳೂರು ಜಿಲ್ಲೆಗೂ ಯೋಗನರಸಿಂಹನ್ ಮತ್ತು ಸಂಗಡಿಗರು ಬರೆದ ಪ್ರತ್ಯೇಕ ಗ್ರಂಥವಿದೆ. ನಿನ್ನ ಕಾಲೇಜಿನ ಗ್ರಂಥಾಲಯದಲ್ಲಿ ಕೇಳು.

ಮೊದಲ ಸಲ ಹಾಸನದ ಗ್ರಂಥವನ್ನು ತೆರೆದಾಗ ಧೈರ್ಯ ಕುಂದಬಹುದು, ನನಗೂ ಕುಂದಿತ್ತು. ಅಲ್ಲಿಯ ಕೀಲಿಗಳು ಎಲೆಗಿಂತ ಹೂವನ್ನು ನಂಬುತ್ತವೆ: ಕೇಸರಗಳೆಷ್ಟು, ಅಂಡಾಶಯ ಎಲ್ಲಿದೆ, ದಳಗಳು ಕೂಡಿವೆಯೇ. ಬಿಸಿಲು ನೆರಳು, ವಯಸ್ಸು, ನೀರು ಇವುಗಳಿಗೆ ಎಲೆ ಬದಲಾದಷ್ಟು ಹೂವು ಬದಲಾಗುವುದಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಭೂತಕನ್ನಡಿಯೊಂದನ್ನು ಕೊಂಡುಕೋ. ನಿನಗೆ ಈಗಾಗಲೇ ಚೆನ್ನಾಗಿ ಗೊತ್ತಿರುವ ಗಿಡದಿಂದ ಆರಂಭಿಸು. ದಾಸವಾಳ ಹಿಡಿದುಕೊಂಡು ದಾಸವಾಳಕ್ಕೇ ತಲುಪುವವರೆಗೆ ಅಭ್ಯಾಸ ಮಾಡಿದರೆ, ಎಲ್ಲಿ ತಪ್ಪು ಕವಲು ಹಿಡಿಯುತ್ತೀಯ ಎಂಬುದು ತಾನಾಗಿ ತಿಳಿಯುತ್ತದೆ.

ಮುಂದಿನ ತಿಂಗಳಿಗೆ ಕಳಿಸುವವರಿಗೆ: ಒಂದು ಗೇಣು ಉದ್ದದ ಕಡ್ಡಿ, ಅದರಲ್ಲಿ ಕನಿಷ್ಠ ನಾಲ್ಕು ಎಲೆಗಳು, ಕೆಲವು ಮೇಲ್ಮುಖವಾಗಿ, ಕೆಲವು ಅಡಿ ಕಾಣುವಂತೆ. ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮೇಲೆ ಭಾರವಾದ ಪುಸ್ತಕಗಳನ್ನು ಹೇರಿ. ಹಾಳೆಯನ್ನು ದಿನವೂ ಬದಲಿಸಿ, ಈ ಮಳೆಯಲ್ಲಾದರೆ ಎರಡು ಸಲ. ಒಲೆಯ ಮೇಲಿನ ಅಟ್ಟ ಇದ್ದವರು ಅಲ್ಲಿಡಬಹುದು. ಪ್ಲಾಸ್ಟಿಕ್ ಚೀಲ ಬೇಡ. ಒಂದು ಚೀಟಿಯಲ್ಲಿ ಊರು, ದಿನಾಂಕ, ಮರದ ಅಂದಾಜು ಎತ್ತರ, ತೊಗಟೆಯ ಬಣ್ಣ, ಹಾಲು ಬಂತೇ ಇಲ್ಲವೇ, ನಿಮ್ಮ ಮನೆಯ ಹಿರಿಯರು ಅದಕ್ಕೆ ಹೇಳುವ ಹೆಸರು, ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಶಾಯಿ ಬೇಡ, ಒದ್ದೆಯಾದರೆ ಹರಡುತ್ತದೆ.